ಒಂದೇ ಫೈಲ್, ಮೂರು ಕಡೆ: ವರ್ಚುವಲ್ ಫೋಲ್ಡರ್ ಅಂದರೆ ಏನು?

ದ್ವಿತೀಯ ಪಿಯುಸಿ, ಗಣಕ ವಿಜ್ಞಾನ ವಿಭಾಗದಿಂದ

ಕಳೆದ ವರ್ಷ ಸ್ಕಾಲರ್‌ಶಿಪ್ ಅರ್ಜಿಯ ಕೊನೆಯ ದಿನ ನಮ್ಮ ಮನೆಯಲ್ಲಿ ನಡೆದದ್ದು ಇದು. ಆಪಾ ಪದವಿಯ ಮೊದಲ ವರ್ಷದಲ್ಲಿದ್ದಳು. ಅರ್ಜಿಗೆ ಬೇಕಾದ ಆದಾಯ ಪ್ರಮಾಣ ಪತ್ರದ ಫೋಟೊವನ್ನು ಊರಿನಿಂದ ಚಾಚಾ ವಾಟ್ಸಾಪ್‌ನಲ್ಲಿ ಅಮ್ಮಿಯ ಫೋನಿಗೆ ಕಳಿಸಿದ್ದರು. ಫೋನ್ ಮಾತ್ರ ‘ಸ್ಟೋರೇಜ್ ತುಂಬಿದೆ’ ಎಂದು ಬೆಳಗ್ಗೆಯಿಂದ ಗೋಳು ಹೊಯ್ದುಕೊಳ್ಳುತ್ತಿತ್ತು. ಗಣಕ ವಿಜ್ಞಾನ ಓದುವವನು ಎಂಬ ಕಾರಣಕ್ಕೆ ಜಾಗ ಖಾಲಿ ಮಾಡುವ ಕೆಲಸ ನನ್ನ ಪಾಲಿಗೆ ಬಂತು.

ಫೈಲ್ ಆ್ಯಪ್ ತೆರೆದೆ. ‘ಇತ್ತೀಚಿನವು’ ಎಂಬಲ್ಲಿ ಆ ಪತ್ರದ ಫೋಟೊ ಇತ್ತು. ‘ಚಿತ್ರಗಳು’ ಎಂಬಲ್ಲೂ ಅದೇ ಇತ್ತು. ವಾಟ್ಸಾಪ್ ಫೋಲ್ಡರಿನಲ್ಲೂ ಅದೇ. ‘ಒಂದೇ ಫೋಟೊ ಮೂರು ಕಡೆ ಯಾಕೆ? ಎರಡನ್ನು ತೆಗೆದರೆ ಜಾಗ ಉಳಿಯುತ್ತದೆ’ ಎಂದುಕೊಂಡು ‘ಇತ್ತೀಚಿನವು’ಗಳಲ್ಲಿದ್ದದ್ದನ್ನು ಅಳಿಸಿದೆ. ಆಮೇಲೆ ನೋಡಿದರೆ ಮೂರು ಕಡೆಯಿಂದಲೂ ಮಾಯ! ಆ ಫೋನಿನಲ್ಲಿ ಕಸದ ಬುಟ್ಟಿಯೂ ಇರಲಿಲ್ಲ. ಆಪಾ ನನ್ನನ್ನು ನೋಡಿದ ನೋಟ ಇನ್ನೂ ನೆನಪಿದೆ.

ತಪ್ಪು ಎಲ್ಲಿ ಆಯಿತು ಎಂದು ಆಮೇಲೆ ಲ್ಯಾಬ್‌ನಲ್ಲಿ ಮೇಡಂ ಅವರನ್ನು ಕೇಳಿ, ಸ್ವಲ್ಪ ಓದಿ ತಿಳಿದುಕೊಂಡೆ. ಫೋಟೊ ಇದ್ದದ್ದು ಒಂದೇ. ಅದು ಕಾಣುತ್ತಿದ್ದ ಕಿಟಕಿಗಳು ಮೂರು. ಅದರಲ್ಲಿ ಎರಡು ನಿಜವಾದ ಫೋಲ್ಡರ್‌ಗಳೇ ಅಲ್ಲ, ವರ್ಚುವಲ್ ಫೋಲ್ಡರ್‌ಗಳು. ನನ್ನಂತೆ ಇನ್ನೊಬ್ಬರು ಎಡವಬಾರದು ಎಂದು ಇದನ್ನು ಬರೆಯುತ್ತಿದ್ದೇನೆ.

ಮೊದಲು ನಿಜವಾದ ಫೋಲ್ಡರ್

ಪರದೆಯ ಮೇಲೆ ಫೋಲ್ಡರ್ ಎಂದರೆ ಹಳದಿ ಬಣ್ಣದ ಒಂದು ಚೀಲ, ಫೈಲ್‌ಗಳು ಅದರ ಒಳಗಿವೆ ಎಂದು ನಮಗೆ ಅನಿಸುತ್ತದೆ. ಡಿಸ್ಕಿನಲ್ಲಿ ಹಾಗೆ ಯಾವ ಚೀಲವೂ ಇಲ್ಲ. ಡಿಸ್ಕ್ ಸಣ್ಣ ಸಣ್ಣ ಖಾನೆಗಳಾಗಿ ವಿಂಗಡವಾಗಿರುತ್ತದೆ. ಸಾಮಾನ್ಯವಾಗಿ ಒಂದು ಖಾನೆ 4 ಕೆಬಿ ಅಳತೆಯದು. ಒಂದು ಫೈಲಿನ ಮಾಹಿತಿ ಇಂಥ ಅನೇಕ ಖಾನೆಗಳಲ್ಲಿ ಹರಡಿಕೊಂಡಿರಬಹುದು.

ಫೋಲ್ಡರ್ ಎನ್ನುವುದು ಒಂದು ಪಟ್ಟಿ. ಅದರಲ್ಲಿ ಫೈಲಿನ ಹೆಸರು ಮತ್ತು ಅದರ ಎದುರಿಗೆ ಒಂದು ಸಂಖ್ಯೆ ಇರುತ್ತದೆ. ಲಿನಕ್ಸ್‌ನಲ್ಲಿ ಈ ಸಂಖ್ಯೆಗೆ ಐನೋಡ್ ಸಂಖ್ಯೆ ಎನ್ನುತ್ತಾರೆ. ಆ ಸಂಖ್ಯೆಯ ದಾಖಲೆಯನ್ನು ತೆರೆದರೆ ಫೈಲಿನ ಗಾತ್ರ, ದಿನಾಂಕ, ಅದು ಯಾವ ಯಾವ ಖಾನೆಗಳಲ್ಲಿದೆ ಎಂಬ ವಿವರ ಸಿಗುತ್ತದೆ. ವಿಂಡೋಸ್‌ನಲ್ಲಿ ಹೆಸರುಗಳು ಬೇರೆ, ಕ್ರಮ ಹೆಚ್ಚುಕಡಿಮೆ ಇದೇ.

ಇದನ್ನು ನೀವೇ ಪರೀಕ್ಷಿಸಬಹುದು. 2 ಜಿಬಿಯ ಒಂದು ವಿಡಿಯೋವನ್ನು ಅದೇ ಡ್ರೈವಿನ ಒಂದು ಫೋಲ್ಡರಿನಿಂದ ಇನ್ನೊಂದಕ್ಕೆ ಕಟ್ ಮಾಡಿ ಪೇಸ್ಟ್ ಮಾಡಿ. ಕ್ಷಣದಲ್ಲಿ ಮುಗಿಯುತ್ತದೆ. ಯಾಕೆಂದರೆ ವಿಡಿಯೋ ಕದಲಿಲ್ಲ. ಒಂದು ಪಟ್ಟಿಯಿಂದ ಹೆಸರು ತೆಗೆದು ಇನ್ನೊಂದು ಪಟ್ಟಿಯಲ್ಲಿ ಬರೆದದ್ದಷ್ಟೇ. ಅದನ್ನೇ ಪೆನ್‌ಡ್ರೈವ್‌ಗೆ ಹಾಕಿ ನೋಡಿ, ಕಾಯಬೇಕಾಗುತ್ತದೆ. ಅಲ್ಲಿ ನಿಜವಾಗಿಯೂ ಮಾಹಿತಿ ಸಾಗಬೇಕು.

ಫೋಲ್ಡರಿನೊಳಗೆ ಫೋಲ್ಡರ್ ಇಡುವ ಈ ಪದ್ಧತಿ 1960ರ ದಶಕದ ಮಲ್ಟಿಕ್ಸ್ ಎಂಬ ಆಪರೇಟಿಂಗ್ ಸಿಸ್ಟಮ್‌ನಷ್ಟು ಹಳೆಯದು. ಪದ್ಧತಿ ಚೆನ್ನಾಗಿದೆ, ಆದರೆ ಒಂದು ತೊಡಕು ಇದೆ. ಸಾಮಾನ್ಯವಾಗಿ ಒಂದು ಫೈಲ್ ಒಂದು ಫೋಲ್ಡರಿನಲ್ಲಿ ಮಾತ್ರ ಇರುತ್ತದೆ. ನಿಮ್ಮ ಭೌತಶಾಸ್ತ್ರದ ಪ್ರಾಜೆಕ್ಟ್ ವರದಿಯನ್ನು ‘ಭೌತಶಾಸ್ತ್ರ’ದಲ್ಲಿ ಇಡುತ್ತೀರಾ, ‘ಪ್ರಾಜೆಕ್ಟ್’ನಲ್ಲಿ ಇಡುತ್ತೀರಾ, ‘ಜನವರಿ’ಯಲ್ಲಿ ಇಡುತ್ತೀರಾ? ಮೂರೂ ಸರಿ. ಮೂರು ಕಡೆ ಪ್ರತಿ ಮಾಡಿಟ್ಟರೆ ಒಂದರಲ್ಲಿ ತಿದ್ದಿದ್ದು ಉಳಿದ ಎರಡರಲ್ಲಿ ತಿದ್ದಿರುವುದಿಲ್ಲ.

ವರ್ಚುವಲ್ ಫೋಲ್ಡರ್ ಒಂದು ಪ್ರಶ್ನೆ

ನಮ್ಮ ಕಾಲೇಜಿನ ನೋಟಿಸ್ ಬೋರ್ಡ್ ನೆನಪಿಸಿಕೊಳ್ಳಿ. ಒಬ್ಬಳೇ ವಿದ್ಯಾರ್ಥಿನಿಯ ಹೆಸರು ತರಗತಿ ಪಟ್ಟಿಯಲ್ಲಿದೆ, ಹಾಸ್ಟೆಲ್ ಪಟ್ಟಿಯಲ್ಲಿದೆ, ಭಾಷಣ ಸ್ಪರ್ಧೆಯ ಪಟ್ಟಿಯಲ್ಲೂ ಇದೆ. ಹಾಗೆಂದು ಮೂವರು ವಿದ್ಯಾರ್ಥಿನಿಯರಿಲ್ಲ. ಅವಳು ಕೂರುವುದು ಒಂದೇ ಬೆಂಚಿನಲ್ಲಿ. ‘ಹಾಸ್ಟೆಲ್‌ನಲ್ಲಿರುವವರು ಯಾರು?’ ಎಂಬ ಪ್ರಶ್ನೆಗೆ ಒಂದು ಪಟ್ಟಿ ಉತ್ತರ. ‘ಭಾಷಣಕ್ಕೆ ಹೆಸರು ಕೊಟ್ಟವರು ಯಾರು?’ ಎಂಬ ಪ್ರಶ್ನೆಗೆ ಇನ್ನೊಂದು ಪಟ್ಟಿ ಉತ್ತರ.

ವರ್ಚುವಲ್ ಫೋಲ್ಡರ್ ಕೂಡ ಹೀಗೆಯೇ. ಅದು ಫೈಲ್ ಇರುವ ಜಾಗವಲ್ಲ. ಅದು ಕಂಪ್ಯೂಟರಿಗೆ ಕೇಳಿದ ಒಂದು ಪ್ರಶ್ನೆ. ‘ಕಳೆದ ಏಳು ದಿನಗಳಲ್ಲಿ ಬದಲಾದ ಫೈಲ್‌ಗಳು ಯಾವುವು?’, ‘ಎಲ್ಲ ಫೋಲ್ಡರ್‌ಗಳಲ್ಲಿರುವ ಚಿತ್ರಗಳು ಯಾವುವು?’ ನಾವು ಆ ಫೋಲ್ಡರನ್ನು ತೆರೆದಾಗ ಪ್ರಶ್ನೆಗೆ ಉತ್ತರ ಸಿದ್ಧವಾಗುತ್ತದೆ. ಆ ಉತ್ತರ ನೋಡಲು ಫೋಲ್ಡರಿನಂತೆ ಕಾಣುತ್ತದೆ. ನಾಳೆ ಹೊಸ ಫೋಟೊ ಬಂದರೆ ನಾವು ಏನೂ ಮಾಡದೆ ಅದೂ ಆ ಪಟ್ಟಿಗೆ ಸೇರುತ್ತದೆ.

ಅಷ್ಟು ಬೇಗ ಉತ್ತರ ಹೇಗೆ ಬರುತ್ತದೆ?

ಪ್ರತಿ ಸಲವೂ ಇಡೀ ಡಿಸ್ಕನ್ನು ಹುಡುಕಿದರೆ ತುಂಬಾ ಹೊತ್ತು ಬೇಕು. ಅದಕ್ಕಾಗಿ ಆಪರೇಟಿಂಗ್ ಸಿಸ್ಟಮ್ ಒಂದು ಇಂಡೆಕ್ಸ್ ಇಟ್ಟುಕೊಂಡಿರುತ್ತದೆ. ಪಠ್ಯಪುಸ್ತಕದ ಕೊನೆಯಲ್ಲಿ ಪದ ಮತ್ತು ಪುಟ ಸಂಖ್ಯೆ ಇರುವ ಪಟ್ಟಿ ಇರುತ್ತದಲ್ಲ, ಅಂಥದ್ದೇ. ಫೈಲಿನ ಹೆಸರು, ಬಗೆ, ದಿನಾಂಕ, ಗಾತ್ರ, ಇರುವ ದಾರಿ, ಕೆಲವು ಸಲ ಒಳಗಿನ ಪದಗಳು ಕೂಡ ಅದರಲ್ಲಿ ದಾಖಲಾಗಿರುತ್ತವೆ. ಹಿನ್ನೆಲೆಯಲ್ಲಿ ಒಂದು ಪ್ರೋಗ್ರಾಂ ಹೊಸ ಫೈಲ್ ಬಂದಾಗ, ಹಳೆಯದು ಬದಲಾದಾಗ ಈ ಇಂಡೆಕ್ಸನ್ನು ತಿದ್ದುತ್ತಲೇ ಇರುತ್ತದೆ. ವರ್ಚುವಲ್ ಫೋಲ್ಡರ್ ಕೇಳುವ ಪ್ರಶ್ನೆಗೆ ಉತ್ತರ ಬರುವುದು ಡಿಸ್ಕಿನಿಂದಲ್ಲ, ಈ ಇಂಡೆಕ್ಸ್‌ನಿಂದ.

ಆಂಡ್ರಾಯ್ಡ್ ಫೋನಿನಲ್ಲಿ ಈ ಕೆಲಸ ಮಾಡುವುದು ಮೀಡಿಯಾಸ್ಟೋರ್ ಎಂಬ ದತ್ತಾಂಶ ಸಂಚಯ. ಗ್ಯಾಲರಿ ಆ್ಯಪ್ ಅದನ್ನೇ ಕೇಳಿ ಚಿತ್ರಗಳನ್ನು ತೋರಿಸುತ್ತದೆ. ಡೇಟಾಬೇಸ್ ಪಾಠ ಓದಿದವರಿಗೆ ಇದು ಹೊಸತೇನಲ್ಲ. ಟೇಬಲ್ ಒಂದೇ, ಷರತ್ತು ಬದಲಾದಂತೆ ಕಾಣುವ ಸಾಲುಗಳು ಬದಲಾಗುತ್ತವೆ. ಸೆಲೆಕ್ಟ್ ಮತ್ತು ವೇರ್ ಬಳಸಿ ನಾವು ಬರೆಯುವ ಎಸ್‌ಕ್ಯೂಎಲ್ ಪ್ರಶ್ನೆಯ ತತ್ವವೇ ಇಲ್ಲಿಯೂ ಇದೆ.

ಈ ಯೋಚನೆ ಬಂದ ದಾರಿ

1991ರಲ್ಲಿ ಅಮೆರಿಕದ ಎಂಐಟಿಯ ಡೇವಿಡ್ ಗಿಫರ್ಡ್ ಮತ್ತು ಸಂಗಡಿಗರು ಒಂದು ಪ್ರಬಂಧ ಪ್ರಕಟಿಸಿದರು. ಫೈಲನ್ನು ಅದು ಇರುವ ಜಾಗದಿಂದಲ್ಲ, ಅದರ ಗುಣಗಳಿಂದ ಹುಡುಕಬಹುದು, ಆ ಹುಡುಕಾಟದ ಫಲಿತಾಂಶವನ್ನೇ ಒಂದು ಡೈರೆಕ್ಟರಿಯಂತೆ ತೋರಿಸಬಹುದು ಎಂಬುದು ಅದರ ಸಾರ. 1990ರ ದಶಕದ ಬಿಇಓಎಸ್ ಎಂಬ ಆಪರೇಟಿಂಗ್ ಸಿಸ್ಟಮ್ ಇಂಥ ಹುಡುಕಾಟವನ್ನು ಫೈಲ್ ಸಿಸ್ಟಮ್‌ನಲ್ಲೇ ಅಳವಡಿಸಿತು. ಅದನ್ನು ರೂಪಿಸಿದವರಲ್ಲಿ ಒಬ್ಬರಾದ ಡೊಮಿನಿಕ್ ಜಿಯಾಂಪೋಲೊ ಮುಂದೆ ಆಪಲ್ ಸೇರಿದರು. 2005ರಲ್ಲಿ ಆಪಲ್‌ನ ಟೈಗರ್ ಆವೃತ್ತಿಯಲ್ಲಿ ಸ್ಪಾಟ್‌ಲೈಟ್ ಹುಡುಕಾಟ ಮತ್ತು ಸ್ಮಾರ್ಟ್ ಫೋಲ್ಡರ್ ಬಂದವು. 2007ರಲ್ಲಿ ಜನರಿಗೆ ದೊರೆತ ವಿಂಡೋಸ್ ವಿಸ್ಟಾದಲ್ಲಿ ಹುಡುಕಾಟವನ್ನು ಉಳಿಸಿಡುವ ಸೌಲಭ್ಯ, 2009ರ ವಿಂಡೋಸ್ 7ರಲ್ಲಿ ಲೈಬ್ರರಿ ಎಂಬ ವ್ಯವಸ್ಥೆ ಬಂತು.

ಲ್ಯಾಬ್‌ನಲ್ಲಿ ಕಾಣಸಿಗುವ ಬಗೆಗಳು

ಮೊದಲನೆಯದು ಲೈಬ್ರರಿ. ವಿಂಡೋಸ್‌ನ ಲೈಬ್ರರಿ ಬೇರೆ ಬೇರೆ ಕಡೆ ಇರುವ ಹಲವು ಫೋಲ್ಡರ್‌ಗಳನ್ನು ಒಟ್ಟಿಗೆ ತೋರಿಸುತ್ತದೆ. ಸಿ ಡ್ರೈವಿನ ನೋಟ್ಸ್ ಮತ್ತು ಡಿ ಡ್ರೈವಿನ ಪ್ರಶ್ನೆಪತ್ರಿಕೆಗಳು ಒಂದೇ ಕಡೆ ಕಾಣುತ್ತವೆ. ಲೈಬ್ರರಿ ಎಂಬುದು ನಿಜದಲ್ಲಿ ಕೆಲವೇ ಸಾಲುಗಳ ಒಂದು ಚಿಕ್ಕ ಫೈಲ್. ಯಾವ ಫೋಲ್ಡರ್‌ಗಳನ್ನು ಸೇರಿಸಬೇಕು ಎಂದಷ್ಟೇ ಅದರಲ್ಲಿ ಬರೆದಿರುತ್ತದೆ.

ಎರಡನೆಯದು ಉಳಿಸಿಟ್ಟ ಹುಡುಕಾಟ. ವಿಂಡೋಸ್ 10ರಲ್ಲಿ ಫೈಲ್ ಎಕ್ಸ್‌ಪ್ಲೋರರ್‌ನ ಹುಡುಕುವ ಪೆಟ್ಟಿಗೆಯಲ್ಲಿ ಏನಾದರೂ ಹುಡುಕಿ, ಮೇಲೆ ಕಾಣುವ ‘ಸೇವ್ ಸರ್ಚ್’ ಒತ್ತಿ. ಉಳಿಯುವುದು ಪ್ರಶ್ನೆ ಮಾತ್ರ, ಫೈಲ್‌ಗಳಲ್ಲ. ಅದನ್ನು ಪೆನ್‌ಡ್ರೈವ್‌ಗೆ ಹಾಕಿಕೊಂಡು ಹೋಗಿ ಮನೆಯಲ್ಲಿ ತೆರೆದರೆ ನಿಮ್ಮ ನೋಟ್ಸ್ ಸಿಗುವುದಿಲ್ಲ. ಡೆಸ್ಕ್‌ಟಾಪಿನ ಶಾರ್ಟ್‌ಕಟ್ ವರ್ಚುವಲ್ ಫೋಲ್ಡರ್ ಅಲ್ಲ, ಆದರೆ ಅದರ ಕಥೆಯೂ ಇದೇ. ಪ್ರಾಜೆಕ್ಟ್ ತಂದಿದ್ದೇನೆ ಎಂದು ಒಂದೆರಡು ಕೆಬಿಯ ಶಾರ್ಟ್‌ಕಟ್ ಮಾತ್ರ ತಂದವರು ನಮ್ಮ ತರಗತಿಯಲ್ಲೂ ಇದ್ದಾರೆ.

ಮೂರನೆಯದು ಆಪರೇಟಿಂಗ್ ಸಿಸ್ಟಮ್ ತಾನೇ ಮಾಡಿಕೊಟ್ಟದ್ದು. ರೀಸೈಕಲ್ ಬಿನ್ ನೋಡಲು ಒಂದೇ ಬುಟ್ಟಿ. ಆದರೆ ಸಿ ಡ್ರೈವಿನಲ್ಲಿ ಅಳಿಸಿದ್ದು ಸಿ ಡ್ರೈವಿನ ಅಡಗಿದ ಫೋಲ್ಡರಿನಲ್ಲೂ, ಡಿ ಡ್ರೈವಿನದು ಡಿ ಡ್ರೈವಿನಲ್ಲೂ ಇರುತ್ತದೆ. ಎಲ್ಲವನ್ನೂ ಸೇರಿಸಿ ಒಂದೇ ಕಡೆ ತೋರಿಸಲಾಗುತ್ತದೆ. ಲಿನಕ್ಸ್‌ನ ‘ಪ್ರಾಕ್’ ಇನ್ನೂ ವಿಚಿತ್ರ. ಅದರಲ್ಲಿರುವ ‘ಮೆಮ್‌ಇನ್ಫೋ’ ಎಂಬ ಫೈಲಿನ ಗಾತ್ರ ಸೊನ್ನೆ ಎಂದು ತೋರಿಸುತ್ತದೆ. ತೆರೆದರೆ ಮೆಮೊರಿ ಎಷ್ಟಿದೆ, ಎಷ್ಟು ಖಾಲಿ ಇದೆ ಎಂಬ ಹತ್ತಾರು ಸಾಲುಗಳು ಬರುತ್ತವೆ. ಅದು ಡಿಸ್ಕಿನಲ್ಲಿ ಇಲ್ಲವೇ ಇಲ್ಲ. ನಾವು ಓದಿದ ಕ್ಷಣದಲ್ಲಿ ಕರ್ನಲ್ ಅದನ್ನು ಬರೆದುಕೊಡುತ್ತದೆ.

ಅಳಿಸುವಾಗ ಎಚ್ಚರ

ಈಗ ನನ್ನ ತಪ್ಪಿಗೆ ಬರೋಣ. ನೋಟಿಸ್ ಬೋರ್ಡಿನ ಉದಾಹರಣೆ ಇಲ್ಲಿ ಕೈಕೊಡುತ್ತದೆ. ಭಾಷಣ ಸ್ಪರ್ಧೆಯ ಪಟ್ಟಿಯಿಂದ ಒಂದು ಹೆಸರು ಹೊಡೆದುಹಾಕಿದರೆ ಆ ವಿದ್ಯಾರ್ಥಿನಿ ಸ್ಪರ್ಧೆಯಲ್ಲಿಲ್ಲ, ಅಷ್ಟೇ. ಆದರೆ ವರ್ಚುವಲ್ ಫೋಲ್ಡರಿನಲ್ಲಿ ಒಂದು ಫೈಲನ್ನು ಡಿಲೀಟ್ ಮಾಡಿದರೆ ಅದು ಹೆಸರು ಹೊಡೆದುಹಾಕಿದಂತಲ್ಲ, ವಿದ್ಯಾರ್ಥಿನಿಗೆ ಟಿಸಿ ಕೊಟ್ಟು ಕಳಿಸಿದಂತೆ! ಆಜ್ಞೆ ನೇರವಾಗಿ ಮೂಲ ಫೈಲಿಗೆ ಹೋಗುತ್ತದೆ. ಮೂಲವೇ ಹೋದ ಮೇಲೆ ಎಲ್ಲ ಪಟ್ಟಿಗಳಿಂದಲೂ ಅದು ಹೋಗುತ್ತದೆ.

ಇದಕ್ಕೆ ವಿರುದ್ಧವಾದದ್ದೂ ಇದೆ. ವಿಂಡೋಸ್‌ನಲ್ಲಿ ಇಡೀ ಲೈಬ್ರರಿಯನ್ನೇ ಅಥವಾ ಉಳಿಸಿಟ್ಟ ಹುಡುಕಾಟವನ್ನೇ ಅಳಿಸಿದರೆ ಅದರಲ್ಲಿ ಕಾಣುತ್ತಿದ್ದ ಫೈಲ್‌ಗಳಿಗೆ ಏನೂ ಆಗುವುದಿಲ್ಲ. ಪ್ರಶ್ನೆ ಹೋಯಿತು, ಫೈಲ್‌ಗಳು ಉಳಿದವು. ಗೂಗಲ್ ಫೋಟೋಸ್‌ನಲ್ಲಿ ‘ಆಲ್ಬಂನಿಂದ ತೆಗೆ’ ಎಂದರೆ ಫೋಟೊ ಉಳಿಯುತ್ತದೆ, ‘ಅಳಿಸು’ ಎಂದರೆ ಫೋಟೊವೇ ಹೋಗುತ್ತದೆ. ಜಿಮೇಲ್‌ನಲ್ಲಿ ಲೇಬಲ್ ತೆಗೆದರೂ ಪತ್ರ ಇರುತ್ತದೆ. ಪದ ಯಾವುದು ಎಂದು ಓದಿ ಒತ್ತಬೇಕು.

ಇದರಿಂದ ನಾನು ಮೂರು ಅಭ್ಯಾಸ ಮಾಡಿಕೊಂಡಿದ್ದೇನೆ.

ಒಂದು, ಅಳಿಸುವ ಮೊದಲು ಫೈಲಿನ ವಿಳಾಸ ನೋಡುವುದು. ವಿಂಡೋಸ್‌ನಲ್ಲಿ ಫೈಲಿನ ಮೇಲೆ ರೈಟ್ ಕ್ಲಿಕ್ ಮಾಡಿ ‘ಪ್ರಾಪರ್ಟೀಸ್’ ತೆರೆದರೆ ‘ಲೊಕೇಶನ್’ ಎಂಬ ಸಾಲಿನಲ್ಲಿ ಅದು ನಿಜವಾಗಿ ಇರುವ ದಾರಿ ಕಾಣುತ್ತದೆ. ಫೋನಿನಲ್ಲಿ ‘ವಿವರಗಳು’ ಒತ್ತಬೇಕು. ಎರಡು ಕಡೆ ಕಂಡ ಫೈಲಿನ ಹೆಸರೂ ವಿಳಾಸವೂ ಒಂದೇ ಆಗಿದ್ದರೆ ಅವು ಎರಡಲ್ಲ, ಒಂದೇ ಫೈಲ್.

ಎರಡು, ಪೆನ್‌ಡ್ರೈವ್‌ನಲ್ಲಿ ಇನ್ನೂ ಜಾಗರೂಕವಾಗಿರುವುದು. ವಿಂಡೋಸ್‌ನಲ್ಲಿ ಪೆನ್‌ಡ್ರೈವಿನಿಂದ ಅಳಿಸಿದ್ದು ಸಾಮಾನ್ಯವಾಗಿ ರೀಸೈಕಲ್ ಬಿನ್‌ಗೆ ಬರುವುದಿಲ್ಲ, ನೇರವಾಗಿ ಹೋಗಿಬಿಡುತ್ತದೆ.

ಮೂರು, ಕಾಣಲಿಲ್ಲ ಎಂದ ಮಾತ್ರಕ್ಕೆ ಫೈಲ್ ಇಲ್ಲ ಎಂದುಕೊಳ್ಳದಿರುವುದು. ಇಂಡೆಕ್ಸ್‌ನಲ್ಲಿ ಇಲ್ಲದ್ದು ವರ್ಚುವಲ್ ಫೋಲ್ಡರಿನಲ್ಲಿ ಕಾಣುವುದಿಲ್ಲ. ಕನ್ನಡದಲ್ಲಿ ಟೈಪ್ ಮಾಡುವವರಿಗೆ ಇದು ಮುಖ್ಯ. ನುಡಿ, ಬರಹದ ಹಳೆಯ ಫಾಂಟ್‌ಗಳಲ್ಲಿ ಟೈಪ್ ಮಾಡಿದ ಕಡತ ಪರದೆಯ ಮೇಲೆ ಕನ್ನಡವಾಗಿ ಕಂಡರೂ ಒಳಗೆ ಉಳಿದಿರುವುದು ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳ ಸಂಕೇತಗಳು. ಹೀಗಾಗಿ ಯೂನಿಕೋಡ್ ಕನ್ನಡದಲ್ಲಿ ‘ಪರಿಸರ’ ಎಂದು ಹುಡುಕಿದರೆ ಆ ಪ್ರಬಂಧ ಸಿಗುವುದಿಲ್ಲ. ಯೂನಿಕೋಡ್‌ನಲ್ಲಿ ಟೈಪ್ ಮಾಡಿದ್ದು ಮಾತ್ರ ಸಿಗುತ್ತದೆ.

ಆ ದಿನ ಏನಾಯಿತು ಎಂದು ಹೇಳಲೇಬೇಕಲ್ಲ. ಚಾಚಾ ಬಸ್ಸಿನಲ್ಲಿದ್ದರು, ಫೋನ್ ಹತ್ತಲಿಲ್ಲ. ಸಂಜೆ ಆರು ಗಂಟೆಗೆ ಸಿಕ್ಕರು. ಅವರ ಫೋನಿನಲ್ಲಿ ಫೋಟೊ ಹಾಗೇ ಇತ್ತು, ಯಾಕೆಂದರೆ ಅದು ನಿಜವಾಗಿಯೂ ಬೇರೆಯೇ ಒಂದು ಪ್ರತಿ. ಮತ್ತೆ ಕಳಿಸಿದರು. ರಾತ್ರಿ ಹತ್ತು ಗಂಟೆಗೆ ಅರ್ಜಿ ಸಲ್ಲಿಕೆಯಾಯಿತು. ಆಪಾ ಈಗ ತನ್ನ ಎಲ್ಲ ದಾಖಲೆಗಳನ್ನು ಒಂದೇ ಫೋಲ್ಡರಿನಲ್ಲಿಟ್ಟು, ಅದರ ಪ್ರತಿಯನ್ನು ಪೆನ್‌ಡ್ರೈವಿನಲ್ಲೂ ಇಟ್ಟಿದ್ದಾಳೆ. ಪೆನ್‌ಡ್ರೈವ್ ಎಲ್ಲಿಟ್ಟಿದ್ದಾಳೆ ಎಂದು ನನಗೆ ಮಾತ್ರ ಹೇಳಿಲ್ಲ.