ಮನೆಯ ಗಣಕಯಂತ್ರವೂ ಅದರ ಪಾಲನೆಯೂ

ಹೊಲಿಗೆಯ ಯಂತ್ರಕ್ಕೆ ಕಾಲಕಾಲಕ್ಕೆ ಎಣ್ಣೆ ಬಿಡುವುದನ್ನೂ ಅಡಿಗೆಯ ಒಲೆಯನ್ನು ದಿನವೂ ಒರಸುವುದನ್ನೂ ನಾವು ಯಾರಿಂದಲೂ ಹೇಳಿಸಿಕೊಳ್ಳದೆ ಮಾಡುವೆವು. ಆದರೆ ಮನೆಯ ಮೂಲೆಯಲ್ಲಿರುವ ಗಣಕಯಂತ್ರವು, ಎಂದರೆ ಕಂಪ್ಯೂಟರು, ಕೆಟ್ಟು ನಿಲ್ಲುವ ತನಕ ಅದರ ಯೋಗಕ್ಷೇಮವನ್ನು ವಿಚಾರಿಸುವವರು ವಿರಳ. ಅದು ಶಾಸ್ತ್ರಜ್ಞರು ಮಾತ್ರ ಮುಟ್ಟತಕ್ಕ ವಸ್ತುವೆಂಬ ಅಂಜಿಕೆಯೇ ಇದಕ್ಕೆ ಕಾರಣವಾಗಿರಬೇಕು. ಈ ಅಂಜಿಕೆಗೆ ಆಧಾರವಿಲ್ಲ. ಮನೆವಾರ್ತೆಗೆ ಬೇಕಾದ ಶುಚಿತ್ವ, ಮಿತ, ಎಚ್ಚರ, ಮುಂದಾಲೋಚನೆ ಎಂಬ ನಾಲ್ಕು ಗುಣಗಳೇ ಇಲ್ಲಿಯೂ ಸಾಕು.

ಮೊದಲು ಶುಚಿತ್ವವನ್ನು ವಿಚಾರಿಸೋಣ. ಯಂತ್ರದ ಮೆದುಳೆನಿಸಿದ ಪ್ರೊಸೆಸರು ಕೆಲಸ ಮಾಡುವಾಗ ಬಿಸಿಯಾಗುವುದು. ಆ ಬಿಸಿಯನ್ನು ಹೊರಕ್ಕೆ ದೂಡಲು ಒಳಗೆ ಸಣ್ಣ ಫ್ಯಾನುಗಳಿರುವುವು. ಗಾಳಿಯಾಡುವ ಕಿಂಡಿಗಳಲ್ಲಿ ಧೂಳು ಕಂಬಳಿಯಂತೆ ಕವಿದರೆ ಬಿಸಿಯು ಹೊರಬೀಳದು; ಆಗ ಯಂತ್ರವು ತನ್ನನ್ನು ಕಾಪಾಡಿಕೊಳ್ಳಲು ತಾನೇ ವೇಗವನ್ನು ಕುಗ್ಗಿಸಿಕೊಳ್ಳುವುದು; ಬಿಸಿಯು ಮಿತಿಮೀರಿದರೆ ಆರಿಯೇ ಹೋಗುವುದು. ಆದುದರಿಂದ ಕೆಲವು ತಿಂಗಳಿಗೊಮ್ಮೆ ಯಂತ್ರವನ್ನು ಆರಿಸಿ, ವಿದ್ಯುತ್ ತಂತಿಯನ್ನು ಕಳಚಿ, ಮೃದುವಾದ ಒಣ ಕುಂಚದಿಂದ ಕಿಂಡಿಗಳ ಧೂಳನ್ನು ತೆಗೆಯಬೇಕು. ಒದ್ದೆಯ ಬಟ್ಟೆಯು ಒಳಭಾಗಗಳಿಗೆ ತಗಲಕೂಡದು. ಲ್ಯಾಪ್‌ಟಾಪನ್ನು ಹಾಸಿಗೆಯ ಮೇಲಿಟ್ಟು ಬಳಸಿದರೆ ಅಡಿಯ ಕಿಂಡಿಗಳು ಮುಚ್ಚಿಹೋಗುವುವು. ಗಟ್ಟಿಯಾದ ಮೇಜೇ ಅದಕ್ಕೆ ತಕ್ಕ ಸ್ಥಳ. ಅದರ ಬ್ಯಾಟರಿಯು ಉಬ್ಬಿದಂತೆ ಕಂಡರೆ ಬಳಕೆಯನ್ನು ಕೂಡಲೇ ನಿಲ್ಲಿಸಿ, ಅದನ್ನು ಒತ್ತದೆ, ಚುಚ್ಚದೆ, ತಿಳಿದವರಿಂದ ಬದಲಾಯಿಸಿಕೊಳ್ಳತಕ್ಕದ್ದು, ಬೆಂಕಿಯ ಅಪಾಯವುಂಟು. ಗುಡುಗು ಸಿಡಿಲಿನ ವೇಳೆಯಲ್ಲಿ ವಿದ್ಯುತ್ ತಂತಿಯನ್ನೂ ಅಂತರ್ಜಾಲದ ತಂತಿಯನ್ನೂ ಕಳಚಿಡುವುದು ಒಳ್ಳೆಯದು.

ಎರಡನೆಯದು ಮಿತ. ಬೇಕಾದುದೂ ಬೇಡವಾದುದೂ ತುಂಬಿದ ಉಗ್ರಾಣದಲ್ಲಿ ಕಾಲಿಡಲು ಎಡೆಯಿರದಷ್ಟೆ. ಯಂತ್ರದ ಸ್ಥಿತಿಯೂ ಅಂತೆಯೇ. ಅದಕ್ಕೆ ಕೆಲಸದ ನಡುವೆ ತಾತ್ಕಾಲಿಕ ಕಡತಗಳನ್ನು ಇಟ್ಟುಕೊಳ್ಳಲು ಬರಿದಾದ ಜಾಗ ಬೇಕು. ಉಪಯೋಗಿಸದ ತಂತ್ರಾಂಶಗಳನ್ನು ತೆಗೆದುಹಾಕಿ, ಕಸದ ಬುಟ್ಟಿಯನ್ನು ಬರಿದು ಮಾಡಬೇಕು. ಯಂತ್ರವನ್ನು ಹೊತ್ತಿಸಿದೊಡನೆ ಕರೆಯದೆಯೇ ಎದ್ದು ಕೂರುವ ತಂತ್ರಾಂಶಗಳೂ ಹಲವಿರುವುವು. ವಿಂಡೋಸಿನಲ್ಲಿ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಎಂಬ ಮೂರು ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ತೆರೆಯುವ ಟಾಸ್ಕ್ ಮ್ಯಾನೇಜರಿನಲ್ಲಿ ಇವುಗಳ ಪಟ್ಟಿ ದೊರೆಯುವುದು. ಬೇಡವಾದವನ್ನು ಅಲ್ಲಿಯೇ ತಡೆಯಬಹುದು. ಹೆಸರು ತಿಳಿಯದವುಗಳನ್ನು ಮಾತ್ರ ವಿಚಾರಿಸದೆ ಮುಟ್ಟಲಾಗದು.

ಮೂರನೆಯದು ಎಚ್ಚರ. ತಯಾರಕರು ಕಳುಹಿಸುವ ತಿದ್ದುಪಡಿಗಳನ್ನು, ಎಂದರೆ ಅಪ್‌ಡೇಟುಗಳನ್ನು, 'ನಾಳೆ ನೋಡೋಣ' ಎಂದು ಮುಂದೂಡುವುದು ನಮ್ಮಲ್ಲಿ ಬಲು ಸಾಮಾನ್ಯ. ಇದರ ಫಲವನ್ನು 2017ರಲ್ಲಿ ಲೋಕವೇ ಕಂಡಿತು. ವಿಂಡೋಸಿನ ಒಂದು ದೋಷಕ್ಕೆ ಮೈಕ್ರೋಸಾಫ್ಟ್ ಸಂಸ್ಥೆಯು ಆ ವರ್ಷದ ಮಾರ್ಚಿಯಲ್ಲಿಯೇ ಪರಿಹಾರವನ್ನು ಕೊಟ್ಟಿತ್ತು. ಅದನ್ನು ಹಾಕಿಕೊಳ್ಳದ ಯಂತ್ರಗಳನ್ನು ಮೇ 12ರಂದು 'ವನ್ನಾಕ್ರೈ' ಎಂಬ ದುಷ್ಟ ತಂತ್ರಾಂಶವು ಹೊಕ್ಕು, ಕಡತಗಳಿಗೆ ಬೀಗ ಜಡಿದು ಹಣ ಕೇಳಿತು. ಸುಮಾರು 150 ದೇಶಗಳು ಬಾಧೆಪಟ್ಟವು. ಇಂಗ್ಲೆಂಡಿನ ಆಸ್ಪತ್ರೆಗಳಲ್ಲಿ ಸಾವಿರಾರು ರೋಗಿಗಳಿಗೆ ಗೊತ್ತುಮಾಡಿದ್ದ ಭೇಟಿಗಳು ತಪ್ಪಿಹೋದವು. ಎರಡು ತಿಂಗಳ ಉದಾಸೀನಕ್ಕೆ ತೆತ್ತ ಬೆಲೆಯಿದು! ವಿಂಡೋಸ್ 10ಕ್ಕೆ ಸಾಮಾನ್ಯ ಬೆಂಬಲವು 2025ರ ಅಕ್ಟೋಬರ್ 14ರಂದು ಮುಗಿದುದರಿಂದ, ಅದನ್ನು ಬಳಸುವವರು ಹೊಸ ಆವೃತ್ತಿಗೋ, ಬೆಲೆಯಿಲ್ಲದೆ ದೊರೆಯುವ ಲಿನಕ್ಸಿಗೋ ಬದಲಾಯಿಸಿಕೊಳ್ಳುವುದು ಲೇಸು. 'ನಿಮ್ಮ ಯಂತ್ರಕ್ಕೆ ವೈರಸ್ ತಗಲಿದೆ, ಈ ಸಂಖ್ಯೆಗೆ ಕರೆಮಾಡಿ' ಎಂದು ಪರದೆಯ ಮೇಲೆ ಮೂಡುವ ಬೆದರಿಕೆಯನ್ನು ವಂಚನೆಯೆಂದೇ ತಿಳಿಯಬೇಕು.

ನಾಲ್ಕನೆಯದಾದ ಮುಂದಾಲೋಚನೆಯು ಮಿಕ್ಕ ಮೂರಕ್ಕಿಂತಲೂ ದೊಡ್ಡದು. ಯಾತಕ್ಕೆಂದರೆ, ಎಷ್ಟು ಪಾಲಿಸಿದರೂ ಯಂತ್ರವು ಒಂದು ದಿನ ಕೆಡತಕ್ಕದ್ದೇ. ಹಾರ್ಡ್ ಡಿಸ್ಕಿನೊಳಗಿನ ತಟ್ಟೆಗಳು ನಿಮಿಷಕ್ಕೆ 5,400 ಅಥವಾ 7,200 ಸುತ್ತು ತಿರುಗುವುವು. ಬರೆಯುವ ಮೊನೆಯು ಅವುಗಳಿಗೆ ತಗಲದೆ, ಕೂದಲೆಳೆಗಿಂತ ಎಷ್ಟೋ ಕಿರಿದಾದ ಅಂತರದಲ್ಲಿ ತೇಲುವುದು. ಒಂದು ಪೆಟ್ಟು ಬಿದ್ದರೆ ಮೊನೆಯು ತಟ್ಟೆಯನ್ನು ಗೀಚಿ ಎಲ್ಲವೂ ಅಳಿಸಿಹೋಗಬಹುದು. ತಿರುಗುವ ಭಾಗಗಳಿಲ್ಲದ ಎಸ್‌ಎಸ್‌ಡಿ ಪೆಟ್ಟನ್ನು ತಾಳಬಲ್ಲುದಾದರೂ ಅದೂ ಅಮರವಲ್ಲ. ಯಂತ್ರವನ್ನು ಅಂಗಡಿಯಿಂದ ಮತ್ತೆ ತರಬಹುದು. ಅಗಲಿದ ಅಜ್ಜಿಯ ಭಾವಚಿತ್ರವನ್ನೂ ಮಗುವಿನ ಮೊದಲ ತೊದಲುಮಾತನ್ನೂ ಯಾವ ಅಂಗಡಿಯಿಂದ ತರೋಣ? ಆದುದರಿಂದ ಅಮೂಲ್ಯವಾದ ಕಡತಗಳಿಗೆ ಮೂರು ಪ್ರತಿಗಳಿರಲಿ. ಅವು ಎರಡು ಬಗೆಯ ಸಾಧನಗಳಲ್ಲಿರಲಿ. ಒಂದು ಪ್ರತಿಯು ಮನೆಯ ಹೊರಗೆ, ಬಂಧುಗಳಲ್ಲಾಗಲಿ ಅಂತರ್ಜಾಲದ ಭಂಡಾರದಲ್ಲಾಗಲಿ, ಇರಲಿ. ಪ್ರತಿಯನ್ನು ಬರೆದ ಮೇಲೆ ಹೊರಗಿನ ಡಿಸ್ಕನ್ನು ಯಂತ್ರದಿಂದ ಕಳಚಿಡಬೇಕು. ಇಲ್ಲವಾದರೆ ಕಡತಗಳಿಗೆ ಬೀಗ ಜಡಿಯುವ ತಂತ್ರಾಂಶವು ಅದನ್ನೂ ಬಿಡದು. ಆಗಾಗ ಒಂದೆರಡು ಕಡತಗಳನ್ನು ತೆರೆದು ನೋಡುವುದೂ ಅವಶ್ಯ; ತೆರೆಯದ ಪ್ರತಿಯಿದ್ದೂ ಇಲ್ಲದಂತೆಯೇ.

ವಾರಕ್ಕೊಮ್ಮೆ ತಿದ್ದುಪಡಿ ಮತ್ತು ಪ್ರತಿ, ತಿಂಗಳಿಗೊಮ್ಮೆ ಉಗ್ರಾಣದ ಶೋಧನೆ, ಋತು ಬದಲಾದಾಗ ಧೂಳಿನ ನಿವಾರಣೆ: ಇಷ್ಟನ್ನು ಮನೆಯ ಹೆಣ್ಣುಮಕ್ಕಳು ನಿಯಮವಾಗಿ ನಡೆಸಿದರೆ ಯಂತ್ರವೂ ಬಹುಕಾಲ ಬಾಳುವುದು, ಅದರಲ್ಲಿ ಕೂಡಿಟ್ಟ ಮನೆತನದ ನೆನಪುಗಳೂ ಉಳಿಯುವುವು.