ಮುಂದಿನ ಚಕ್ರಕ್ಕೆ ಕೈಬೀಗ: ಆಟೋ ಹಬ್‌ ತೆಗೆದು ಮ್ಯಾನ್ಯುವಲ್‌ ಹಬ್‌ ಹಾಕಿಸುವ ಮುನ್ನ

ಕೇರಳದ ವಾಗಮಣ್‌ ಗುಡ್ಡದ ಕೆಸರಿನಲ್ಲಿ ಫೋರ್‌ ವೀಲ್‌ ಲಿವರ್‌ ಎಳೆದಿದ್ದೀರಿ. ಡ್ಯಾಶ್‌ಬೋರ್ಡಿನ ದೀಪವೂ ಹತ್ತಿದೆ. ಆದರೆ ಹಿಂದಿನ ಚಕ್ರಗಳಷ್ಟೇ ಮಣ್ಣು ಕೆದಕುತ್ತಿವೆ, ಮುಂದಿನವು ಅಲುಗುತ್ತಿಲ್ಲ. ದೀಪ ಹೇಳುವುದು ಟ್ರಾನ್ಸ್‌ಫರ್‌ ಕೇಸ್‌, ಅಂದರೆ ಎಂಜಿನ್‌ ಶಕ್ತಿಯನ್ನು ಮುಂದಕ್ಕೂ ಹಿಂದಕ್ಕೂ ಹಂಚುವ ಪೆಟ್ಟಿಗೆ, ತನ್ನ ಕೆಲಸ ಮಾಡಿದೆ ಎಂದು ಮಾತ್ರ. ಆ ಶಕ್ತಿ ಚಕ್ರ ಮುಟ್ಟಿತೋ ಇಲ್ಲವೋ ಅದಕ್ಕೆ ಗೊತ್ತಿಲ್ಲ. ಮುಟ್ಟಿಸಬೇಕಾದದ್ದು ಚಕ್ರದ ನಡುವೆ ಕೂತ ಲಾಕಿಂಗ್‌ ಹಬ್‌.

ಹಬ್‌ ಎಂದರೆ ಆಕ್ಸಲ್‌ ಶಾಫ್ಟಿಗೂ ಚಕ್ರಕ್ಕೂ ನಡುವಿನ ಚಿಲಕ. ಚಿಲಕ ಹಾಕಿದರೆ ಎರಡೂ ಒಟ್ಟಿಗೆ ತಿರುಗುತ್ತವೆ. ತೆಗೆದರೆ ಚಕ್ರ ತನ್ನ ಪಾಡಿಗೆ ಉರುಳುತ್ತದೆ, ಶಾಫ್ಟ್‌ ಸುಮ್ಮನಿರುತ್ತದೆ. ವಾರವಿಡೀ ಕೊಚ್ಚಿಯ ಕಾಕ್ಕನಾಡಿನಿಂದ ಇನ್ಫೋಪಾರ್ಕಿಗೆ ಟಾರು ರಸ್ತೆಯಲ್ಲೇ ಓಡುವ ಗಾಡಿಗೆ ಮುಂದಿನ ಶಾಫ್ಟುಗಳು ಸುಮ್ಮನೆ ತಿರುಗಿ ಸವೆಯುವುದು ಬೇಡ. ಅದಕ್ಕೇ ಈ ಏರ್ಪಾಡು. ಅಮೆರಿಕದ ವಾರ್ನ್‌ ಕಂಪನಿ 1948ರಲ್ಲಿ ಶುರುವಾದದ್ದೇ ಯುದ್ಧದಲ್ಲಿ ಉಳಿದ ಜೀಪುಗಳಿಗೆ ಇಂಥ ಹಬ್‌ ಮಾಡಿಕೊಡಲು. ನಮ್ಮ ಮಾರುತಿ ಜಿಪ್ಸಿಯಲ್ಲಿ ಕೈಯಲ್ಲಿ ತಿರುಗಿಸುವ ಹಬ್‌ ಇತ್ತು. 2010ರಲ್ಲಿ ಬಂದ ಥಾರ್‌ ಸಿಆರ್‌ಡಿಇ ಗಾಡಿಗೆ ಆಟೋ ಹಬ್‌ ಬಂತು.

ಆಟೋ ಹಬ್ಬಿನೊಳಗೆ ಕ್ಯಾಮ್‌ ಎಂಬ ಏರಿಳಿತದ ಬಳೆ ಇದೆ. ಲಿವರ್‌ ಎಳೆದು ಗಾಡಿ ಸ್ವಲ್ಪ ಚಲಿಸಿದಾಗ ಶಾಫ್ಟ್‌ ತಿರುಗಿ ಕ್ಯಾಮ್‌ ಮೇಲೇರುತ್ತದೆ, ಹಲ್ಲಿನ ಬಳೆಯನ್ನು ತಳ್ಳಿ ಚಕ್ರಕ್ಕೆ ಕಚ್ಚಿಸುತ್ತದೆ. ಬಿಡಿಸಬೇಕಾದರೆ ಟು ವೀಲ್‌ಗೆ ಹಾಕಿ ಒಂದೆರಡು ಮೀಟರ್‌ ರಿವರ್ಸ್‌ ಹೋಗಬೇಕು. ಹೊಸದಿರುವಾಗ ಬಹಳ ಸುಖ. ವರ್ಷ ಕಳೆದಂತೆ ಗ್ರೀಸ್‌ ಗಟ್ಟಿಯಾಗುತ್ತದೆ, ತೆಳು ಭಾಗಗಳು ಸವೆಯುತ್ತವೆ, ಹಲ್ಲು ಅರ್ಧ ಮಾತ್ರ ಕಚ್ಚುತ್ತದೆ. ಆಗ ಕಟಕಟ ಸದ್ದು. ಕೆಸರಿನಲ್ಲಿ ಹಿಂದೆ ಮುಂದೆ ಮಾಡಿ ಗಾಡಿ ಬಿಡಿಸುವುದಂತೂ ಇದಕ್ಕೆ ಶತ್ರು: ಪ್ರತಿ ಸಲ ದಿಕ್ಕು ಬದಲಾದಾಗ ಹಬ್‌ ಬಿಟ್ಟು ಮತ್ತೆ ಹಿಡಿಯುತ್ತದೆ, ಆ ಹೊಡೆತವೆಲ್ಲ ಹಲ್ಲಿಗೇ. ಕಡಿದಾದ ಇಳಿಜಾರಿನಲ್ಲೂ ಕೆಲವು ಮಾದರಿಗಳು ಹಿಡಿತ ಬಿಡುವುದುಂಟು. ಎಸ್ಟೇಟ್‌ ದಾರಿ ಇಳಿಯುವಾಗ ಎಂಜಿನ್‌ ಬ್ರೇಕಿಂಗ್‌ ನೆಚ್ಚಿಕೊಂಡವರು ಇದನ್ನು ನೆನಪಿಡಬೇಕು.

ಹಬ್‌ ಕೆಟ್ಟಿದೆಯೋ ಇಲ್ಲವೋ ಎಂದು ಮನೆಯಲ್ಲೇ ನೋಡಬಹುದು. ಸಮತಟ್ಟು ಮಣ್ಣಿನ ಜಾಗದಲ್ಲಿ ಲಿವರನ್ನು ಫೋರ್‌ ಹೈಗೆ ಹಾಕಿ ನಾಲ್ಕಾರು ಮೀಟರ್‌ ಮುಂದೆ ಹೋಗಿ ನಿಲ್ಲಿಸಿ. ಎಂಜಿನ್‌ ಆರಿಸಿ, ಗೇರಿನಲ್ಲೇ ಬಿಡಿ. ಹ್ಯಾಂಡ್‌ ಬ್ರೇಕ್‌ ಎಳೆದು ಹಿಂದಿನ ಚಕ್ರಗಳಿಗೆ ಕಲ್ಲು ಕೊಡಿ. ಮುಂದಿನ ಒಂದು ಚಕ್ರವನ್ನು ಮಾತ್ರ ಜ್ಯಾಕಿನಿಂದ ಎತ್ತಿ ಕೈಯಲ್ಲಿ ಮೆಲ್ಲನೆ ತಿರುಗಿಸಿ ನೋಡಿ. ಗಾಡಿಯ ಅಡಿಗೆ ನುಗ್ಗಬೇಡಿ, ಪಕ್ಕದಿಂದ ಬಗ್ಗಿ ಟಾರ್ಚ್‌ ಬಿಟ್ಟರೆ ಸಾಕು. ತಿರುಗದಿದ್ದರೆ ಎರಡೂ ಹಬ್‌ ಹಿಡಿದಿವೆ. ಸಲೀಸಾಗಿ ತಿರುಗಿದರೆ ಒಂದಾದರೂ ಹಿಡಿದಿಲ್ಲ. ಯಾವುದು? ರಬ್ಬರ್‌ ಬೂಟಿನ ಪಕ್ಕ ಕಾಣುವ ಶಾಫ್ಟ್‌ ನೋಡಿ. ಚಕ್ರದ ಜೊತೆ ಶಾಫ್ಟೂ ತಿರುಗುತ್ತಿದ್ದರೆ ಈ ಬದಿ ಸರಿ, ತಪ್ಪು ಆಚೆ ಬದಿಯದು. ಶಾಫ್ಟ್‌ ನಿಂತೇ ಇದ್ದರೆ ಈ ಬದಿಯದೇ. ಮುಂದಿನ ಡಿಫರೆನ್ಷಿಯಲ್‌ ಹಗುರವಾಗಿ ತಿರುಗುವ ಕಡೆಗೇ ಶಕ್ತಿ ಬಿಡುತ್ತದೆ. ಹಾಗಾಗಿ ಒಂದು ಹಬ್‌ ಕೈಕೊಟ್ಟರೂ ಮುಂದಿನ ಎರಡೂ ಚಕ್ರ ದಂಡ.

ಎರಡೂ ಸರಿಯಿದ್ದರೆ, ನೀವು ವರ್ಷಕ್ಕೆ ಒಂದೆರಡು ಸಲ ಮಾತ್ರ ಕಾಡುದಾರಿ ಹಿಡಿಯುವವರಾದರೆ, ಬದಲಾಯಿಸಬೇಡಿ. ಬಿಚ್ಚಿ ತೊಳೆದು ಹೊಸ ಗ್ರೀಸ್‌ ಹಾಕಿಸಿದರೆ ಆಯಿತು. ಕೆಟ್ಟಿದ್ದರೆ ಮಾತ್ರ ಮತ್ತೆ ಆಟೋ ಹಬ್ಬಿಗೇ ದುಡ್ಡು ಸುರಿಯುವುದು ನನಗೆ ಸರಿ ಕಾಣುವುದಿಲ್ಲ. ಮ್ಯಾನ್ಯುವಲ್‌ ಹಬ್ಬಿನಲ್ಲಿ ಕೆಡಲು ಭಾಗಗಳೇ ಕಡಿಮೆ. ಮೇಲಿನ ಗುಂಡಿಯನ್ನು ಲಾಕ್‌ ಕಡೆಗೆ ತಿರುಗಿಸಿದರೆ ಹಿಡಿಯಿತು, ಫ್ರೀ ಕಡೆಗೆ ತಿರುಗಿಸಿದರೆ ಬಿಟ್ಟಿತು.

ಮಳೆಯಲ್ಲಿ ಇಳಿದು ತಿರುಗಿಸಬೇಕಲ್ಲ ಎಂದು ಕೇಳುತ್ತೀರಿ. ಬೇಕಾಗಿಲ್ಲ. ಟಾರು ಮುಗಿಯುವ ಮೊದಲೇ ಎರಡೂ ಬದಿ ಲಾಕ್‌ ಮಾಡಿಕೊಳ್ಳಿ. ಲಾಕ್‌ ಆಗಿದ್ದರೂ ಲಿವರ್‌ ಟು ವೀಲಿನಲ್ಲಿದ್ದರೆ ಟಾರಿನ ಮೇಲೆ ಓಡಿಸಲು ಅಡ್ಡಿಯಿಲ್ಲ, ಸ್ವಲ್ಪ ಸವೆತ ಹೆಚ್ಚು ಅಷ್ಟೇ. ಒಣ ಟಾರಿನ ಮೇಲೆ ಹಾಕಬಾರದ್ದು ಫೋರ್‌ ವೀಲ್‌ ಲಿವರ್‌. ಫ್ರೀ ಮಾಡಿದರೆ ಮೈಲೇಜ್‌ ಹೆಚ್ಚುತ್ತದೆ ಎಂಬ ಮಾತನ್ನು ಬಹಳ ನಂಬಬೇಡಿ. ಉಳಿತಾಯ ಇದೆ, ಆದರೆ ಚಿಲ್ಲರೆ.

ಕೊಳ್ಳುವಾಗ ಗಾಡಿಯ ಹೆಸರು ಹೇಳಿದರೆ ಸಾಲದು. ಶಾಫ್ಟ್‌ ತುದಿಯ ಸ್ಪ್ಲೈನ್‌, ಅಂದರೆ ಉದ್ದುದ್ದ ಕೊರೆದ ಹಲ್ಲುಗಳನ್ನು ಎಣಿಸಿ. ಹಬ್ಬಿನ ಬೋಲ್ಟುಗಳನ್ನೂ ಎಣಿಸಿ. ಎರಡೂ ಹೊಂದಬೇಕು. ಮ್ಯಾನ್ಯುವಲ್‌ ಹಬ್‌ ಹೊರಗೆ ಚಾಚುತ್ತದೆ, ಹೊರಗಿನಿಂದ ಹಾಕಿಸಿದ ಅಲಾಯ್‌ ಚಕ್ರದ ನಡುವಿನ ತೂತಿನಲ್ಲಿ ತೂರುತ್ತದೆಯೇ ಅಳೆದು ನೋಡಿ. ಟೊಯೋಟಾದ ಕೆಲವು ಗಾಡಿಗಳಲ್ಲಿ ಹಬ್ಬಿನ ಬದಲು ಡಿಫರೆನ್ಷಿಯಲಿನಲ್ಲೇ ಶಾಫ್ಟ್‌ ಬಿಡಿಸುವ ಏರ್ಪಾಡಿದೆ. ಅವಕ್ಕೆ ಈ ಲೇಖನ ಅನ್ವಯಿಸುವುದಿಲ್ಲ.

ಕೆಲಸ ಅರ್ಧ ದಿನದ್ದು. ಕ್ಯಾಪ್‌ ಬಿಚ್ಚಿ, ಶಾಫ್ಟ್‌ ತುದಿಯ ಸರ್ಕ್ಲಿಪ್‌ ಎಂಬ ಉಂಗುರ ತೆಗೆದು, ಹಳೆಯ ಹಬ್‌ ಎಳೆಯುತ್ತಾರೆ. ಇಲ್ಲಿ ಮೆಕ್ಯಾನಿಕ್‌ ಪಕ್ಕ ನಿಂತು ನೋಡಿ. ಆಟೋ ಹಬ್ಬಿನ ಕ್ಯಾಮ್‌ ಕೂರುವ ನಟ್‌ ಬೇರೆ, ಮ್ಯಾನ್ಯುವಲ್‌ ಹಬ್ಬಿಗೆ ಬೇಕಾದ ಲಾಕ್‌ ನಟ್‌ ಬೇರೆ. ಚಕ್ರದ ಬೇರಿಂಗನ್ನು ಹಿಡಿದಿಡುವುದು ಇದೇ ನಟ್‌. ಹಳೆಯದನ್ನೇ ಹೊಂದಿಸಿಬಿಡೋಣ ಎಂದರೆ ಒಪ್ಪಬೇಡಿ. ನಟ್‌ ಬಿಗಿದು, ಚಕ್ರ ತಿರುಗಿಸಿ, ಸ್ವಲ್ಪ ಸಡಿಲಿಸಿ, ಆಮೇಲೆ ಲಾಕ್‌ ಮಾಡಬೇಕು. ಬಿಗಿ ಹೆಚ್ಚಾದರೆ ಬೇರಿಂಗ್‌ ಸುಡುತ್ತದೆ, ಕಡಿಮೆಯಾದರೆ ಚಕ್ರ ಅಲ್ಲಾಡುತ್ತದೆ. ಹೊಸ ಹಬ್ಬಿನೊಳಗೆ ಗ್ರೀಸ್‌ ತೆಳುವಾಗಿ ಸವರಿದರೆ ಸಾಕು. ಬೇರಿಂಗಿಗೆ ತುಂಬಿದಂತೆ ತುಂಬಿದರೆ ಗುಂಡಿಯೇ ತಿರುಗುವುದಿಲ್ಲ. ಗುಂಡಿ ಫ್ರೀಯಲ್ಲಿಟ್ಟು ಕ್ಯಾಪ್‌ ಕೂರಿಸಿ, ಬೋಲ್ಟುಗಳನ್ನು ಟಾರ್ಕ್‌ ರೆಂಚಿನಿಂದ, ಎಂದರೆ ಬಿಗಿ ಅಳೆಯುವ ಸ್ಪ್ಯಾನರಿನಿಂದ, ಕಿಟ್‌ ಜೊತೆ ಬಂದ ಚೀಟಿಯಲ್ಲಿ ಬರೆದಷ್ಟೇ ಬಿಗಿಸಬೇಕು.

ಖರ್ಚು? ದೇಶೀ ಜೋಡಿ ಕೆಲವು ಸಾವಿರ ರೂಪಾಯಿಯೊಳಗೆ ಮುಗಿಯುತ್ತದೆ. ಬ್ರೆಜಿಲಿನ ಎವಿಎಂನಂಥ ಆಮದು ಜೋಡಿಗೆ ಅದರ ಹಲವು ಪಟ್ಟು. ಲಾಕ್‌ ನಟ್‌, ಗ್ಯಾಸ್ಕೆಟ್‌, ಸರ್ಕ್ಲಿಪ್‌, ಕೂಲಿ ಇವನ್ನೆಲ್ಲ ಬಿಡಿಬಿಡಿಯಾಗಿ ಬರೆಸಿಕೊಳ್ಳಿ. ಕೊಚ್ಚಿಯ ಆಫ್‌ರೋಡ್‌ ಬಳಗದವರನ್ನು ಕೇಳಿದರೆ ಕೈಪಳಗಿದ ವರ್ಕ್‌ಶಾಪ್‌ ತೋರಿಸುತ್ತಾರೆ. ಕೋತಮಂಗಲಂ, ಅಡಿಮಾಲಿ ಕಡೆ ಜೀಪು ಬಿಚ್ಚುವುದು ದಿನನಿತ್ಯದ ಕೆಲಸ. ಬೆಂಗಳೂರಿಗೆ ಬಂದಾಗ ಅಲ್ಲಿನ ಜೆ.ಸಿ. ರಸ್ತೆಯಲ್ಲೂ ವಿಚಾರಿಸಬಹುದು.

ಆರ್‌ಟಿಒ ಭಯ ಸಹಜ. ಗಾಡಿಯ ಮೂಲ ರೂಪ ಬದಲಿಸಬಾರದೆಂದು ಸುಪ್ರೀಂ ಕೋರ್ಟ್‌ 2019ರ ಜನವರಿಯಲ್ಲಿ ಹೇಳಿದ್ದು ಕೇರಳದ ಪ್ರಕರಣದಲ್ಲೇ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ತಡೆಯುವುದು ನೋಂದಣಿ ಪತ್ರದ ವಿವರಕ್ಕೆ ಹೊಂದದ ಬದಲಾವಣೆಯನ್ನು. ಹಬ್‌ ಆ ಪತ್ರದಲ್ಲಿ ನಮೂದಾಗುವ ವಸ್ತುವಲ್ಲ. ಆದರೆ ಅದರ ಜೊತೆಗೇ ದೊಡ್ಡ ಟೈರು, ಎತ್ತರದ ಸಸ್ಪೆನ್ಷನ್‌ ಹಾಕಿಸಿದರೆ ತಕರಾರು ಬಂದೀತು. ಅನುಮಾನವಿದ್ದರೆ ಕಾಕ್ಕನಾಡ್‌ ಸಿವಿಲ್‌ ಸ್ಟೇಷನ್ನಿನ ಆರ್‌ಟಿಒ ಕಚೇರಿಯಲ್ಲೇ ಕೇಳಿಬಿಡಿ. ವಾರಂಟಿ ಉಳಿದಿದ್ದರೆ ಷೋರೂಮಿನವರನ್ನೂ ಕೇಳಿ. ಹಳೆಯ ಹಬ್‌ಗಳನ್ನು ಗುಜರಿಗೆ ಹಾಕದೆ ಇಟ್ಟುಕೊಳ್ಳಿ, ಗಾಡಿ ಮಾರುವಾಗ ಬೇಕಾಗುತ್ತವೆ.

ಕೇರಳದ ಮಳೆ ಜೂನ್‌ ಆರಂಭಕ್ಕೇ ಬರುತ್ತದೆ, ಕೆಲಸ ಮೇ ತಿಂಗಳಲ್ಲೇ ಮುಗಿಸಿ. ಮೊದಲ ಕೆಲವು ನೂರು ಕಿಲೋಮೀಟರ್‌ ಓಡಿಸಿದ ಮೇಲೆ ಬೋಲ್ಟುಗಳ ಬಿಗಿ ಮತ್ತೆ ನೋಡಿಸಿ. ಹಬ್‌ ಮುಳುಗುವಷ್ಟು ನೀರಿನಲ್ಲಿ, ಅದರಲ್ಲೂ ಹಿನ್ನೀರಿನ ಉಪ್ಪು ನೀರಿನಲ್ಲಿ ಗಾಡಿ ಇಳಿಸಿದ್ದರೆ ಅದೇ ವಾರ ಕ್ಯಾಪ್‌ ಬಿಚ್ಚಿಸಿ. ಗ್ರೀಸ್‌ ಹಾಲಿನಂತೆ ಬೆಳ್ಳಗಾಗಿದ್ದರೆ ನೀರು ಒಳಗೆ ಹೋಗಿದೆ, ಪೂರ್ತಿ ಒರೆಸಿ ಹೊಸದು ಹಾಕಿಸಿ.