ಹಳೆಯ ವಿಮಾನಕ್ಕೆ ಹೊಸ ಕಣ್ಣು, ಹೊಸ ಸೀಟು

ಹಳೆಯ ಮೋಟರ್ ಸೈಕಲ್ಲಿಗೆ ಹೊಸ ಸೀಟು ಹೊದಿಸಿ, ಹೊಸ ದೀಪ ಹಾಕಿಸಿ ಓಡಿಸುವವರನ್ನು ನೀವು ನೋಡಿರುತ್ತೀರಿ. ವಿಮಾನವನ್ನೂ ಹೀಗೆಯೇ ಹೊಸದು ಮಾಡಿಸುತ್ತಾರೆ ಎಂದರೆ ನಂಬುತ್ತೀರಾ?

ಅಮೆರಿಕದಲ್ಲಿ ತಯಾರಾಗುವ ಸೆಸ್ನಾ 172 ನಾಲ್ಕು ಸೀಟಿನ ಪುಟ್ಟ ವಿಮಾನ. ಅದರ ತಯಾರಿಕೆ 1956ರಲ್ಲಿ ಮೊದಲಾಯಿತು. ಇದುವರೆಗೆ 44,000ಕ್ಕೂ ಹೆಚ್ಚು ಹೊರಬಂದಿವೆ. ಇಷ್ಟು ಸಂಖ್ಯೆಯಲ್ಲಿ ತಯಾರಾದ ವಿಮಾನ ಜಗತ್ತಿನಲ್ಲಿ ಮತ್ತೊಂದಿಲ್ಲ. ಬೆಂಗಳೂರಿನ ಜಕ್ಕೂರಿನಲ್ಲಿರುವ ಸರ್ಕಾರಿ ವಿಮಾನ ಚಾಲನಾ ತರಬೇತಿ ಶಾಲೆಯಲ್ಲೂ ಇದನ್ನು ಬಳಸಿದ್ದಾರೆ. ನಿಮ್ಮ ತಂದೆಗಿಂತ ವಯಸ್ಸಾದ ಸೆಸ್ನಾಗಳು ಇಂದಿಗೂ ಹಾರುತ್ತಿವೆ. ಹೊಸದನ್ನು ಕೊಳ್ಳಲು ವಿಪರೀತ ಹಣ ಬೇಕು. ಆದ್ದರಿಂದ ಅನೇಕ ಮಾಲೀಕರು ರೆಕ್ಕೆ, ಒಡಲುಗಳನ್ನು ಹಾಗೆಯೇ ಉಳಿಸಿಕೊಂಡು ಒಳಭಾಗವನ್ನು ಬದಲಿಸುತ್ತಾರೆ. ಚಾಲಕನ ಎದುರಿನ ಉಪಕರಣಗಳು ಮೊದಲು. ಸೀಟು, ನೆಲಹಾಸುಗಳು ಆಮೇಲೆ.

ಉಪಕರಣಗಳೇ ಏಕೆ ಮೊದಲು? ಶಿಕ್ಷಕರನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು ಒಂದು ಪ್ರಯೋಗ ಮಾಡಿ. ಗೆಳೆಯನ ಕಣ್ಣಿಗೆ ಬಟ್ಟೆ ಕಟ್ಟಿ, ತಿರುಗುವ ಕುರ್ಚಿಯಲ್ಲಿ ಕೂರಿಸಿ. ಕುರ್ಚಿಯನ್ನು ನಿಧಾನವಾಗಿ, ಒಂದೇ ವೇಗದಲ್ಲಿ ತಿರುಗಿಸುತ್ತಿರಿ. ಯಾವ ಕಡೆಗೆ ತಿರುಗುತ್ತಿದ್ದೇನೆ ಎಂದು ಮೊದಲು ಸರಿಯಾಗಿಯೇ ಹೇಳುತ್ತಾನೆ. ಅರ್ಧ ನಿಮಿಷ ಕಳೆಯುವಷ್ಟರಲ್ಲಿ "ಈಗ ನಿಂತಿದೆ" ಎನ್ನಬಹುದು. ನಿಜವಾಗಿಯೂ ನಿಲ್ಲಿಸಿದರೆ "ಈಗ ಆ ಕಡೆಗೆ ತಿರುಗುತ್ತಿದೆ" ಎನ್ನುತ್ತಾನೆ!

ಅವನು ಸುಳ್ಳು ಹೇಳುತ್ತಿಲ್ಲ. ನಮ್ಮ ಒಳಗಿವಿಯಲ್ಲಿ ಮೂರು ಅರೆವೃತ್ತ ನಾಳಗಳಿವೆ. ಅವುಗಳ ತುಂಬ ದ್ರವ. ತಲೆ ತಿರುಗಿದಾಗ ದ್ರವ ಹಿಂದೆ ಉಳಿಯುತ್ತದೆ. ಅದರಿಂದಲೇ ನಮಗೆ ತಿರುಗಿದ್ದು ಗೊತ್ತಾಗುವುದು. ತಿರುಗುತ್ತಲೇ ಇದ್ದರೆ ದ್ರವವೂ ನಾಳದ ಜೊತೆಗೆ ತಿರುಗತೊಡಗಿ, ಸುದ್ದಿ ಹೋಗುವುದು ನಿಂತುಬಿಡುತ್ತದೆ.

ಮೋಡದೊಳಗೆ ಹೊಕ್ಕ ಚಾಲಕನ ಪಾಡೂ ಇದೇ. ಎಲ್ಲ ಕಡೆಗೂ ಬಿಳುಪು. ನೆಲವಿಲ್ಲ, ದಿಗಂತವಿಲ್ಲ. ವಿಮಾನ ಒಂದು ಪಕ್ಕಕ್ಕೆ ವಾಲಿ ಸುತ್ತುತ್ತಾ ಕೆಳಗಿಳಿಯುತ್ತಿದ್ದರೂ ನೇರವಾಗಿ ಹೋಗುತ್ತಿದ್ದೇನೆ ಎಂದೇ ಅವನಿಗೆ ಅನಿಸುತ್ತದೆ. ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದವರು 1954ರಲ್ಲಿ ಇದನ್ನು ಪರೀಕ್ಷಿಸಿದರು. ಉಪಕರಣ ನೋಡಿ ಹಾರಿಸುವ ತರಬೇತಿಯಿಲ್ಲದ 20 ಮಂದಿಗೆ ಹೊರಗಿನದೇನೂ ಕಾಣದಂತೆ ಮಾಡಿ ವಿಮಾನ ಹಾರಿಸಲು ಹೇಳಿದರು. ಪಕ್ಕದಲ್ಲಿ ತರಬೇತುದಾರರಿದ್ದರು, ಸದ್ಯ! ಇಪ್ಪತ್ತು ಮಂದಿಯೂ ಹತೋಟಿ ಕಳೆದುಕೊಂಡರು. ಅದಕ್ಕೆ ಹಿಡಿದ ಸರಾಸರಿ ಸಮಯ 178 ಸೆಕೆಂಡು, ಅಂದರೆ ಮೂರು ನಿಮಿಷವೂ ಇಲ್ಲ.

ಹಾಗಾದರೆ ಯಾರನ್ನು ನಂಬುವುದು? ಬುಗುರಿಯನ್ನು! ಜೋರಾಗಿ ತಿರುಗುವ ಬುಗುರಿ ಬೀಳುವುದಿಲ್ಲ. ತನ್ನ ಅಕ್ಷದ ದಿಕ್ಕನ್ನು ಸುಲಭಕ್ಕೆ ಬಿಟ್ಟುಕೊಡುವುದಿಲ್ಲ. ಇದೇ ಗುಣದ ಚಕ್ರಕ್ಕೆ ಗೈರೋಸ್ಕೋಪು ಎಂದು ಹೆಸರು. ವಿಮಾನ ವಾಲಿದರೂ ಚಕ್ರ ವಾಲುವುದಿಲ್ಲ. ಎರಡರ ನಡುವಿನ ವ್ಯತ್ಯಾಸವನ್ನು ಒಂದು ಪುಟ್ಟ ಕೃತಕ ದಿಗಂತವಾಗಿ ತೋರಿಸಿದರೆ ಚಾಲಕನಿಗೆ ಸಾಕು.

ಹಳೆಯ ಸೆಸ್ನಾದಲ್ಲಿ ಈ ಚಕ್ರವನ್ನು ತಿರುಗಿಸುವುದು ಗಾಳಿ. ಎಳನೀರನ್ನು ಕೊಳವೆಯಿಂದ ಹೀರುವಂತೆ, ಎಂಜಿನ್ನಿಗೆ ಜೋಡಿಸಿದ ಪಂಪು ಗಾಳಿಯನ್ನು ಹೀರುತ್ತದೆ. ನುಗ್ಗುವ ಗಾಳಿ ಚಕ್ರದ ಅಂಚಿಗೆ ಬಡಿದು, ಕಾಗದದ ಗಿರಗಿಟ್ಟೆಯಂತೆ ಅದನ್ನು ನಿಮಿಷಕ್ಕೆ ಸಾವಿರಾರು ಸುತ್ತು ತಿರುಗಿಸುತ್ತದೆ. ಪಂಪಿನ ಒಳಗಿನ ಇಂಗಾಲದ ಪಟ್ಟಿಗಳು ಎಣ್ಣೆಯಿಲ್ಲದೆ ಸವೆಯುತ್ತಾ ಒಂದು ದಿನ ಥಟ್ಟನೆ ಮುರಿಯುತ್ತವೆ. ಚಕ್ರ ಒಮ್ಮೆಲೇ ನಿಂತರೂ ಪರವಾಗಿರಲಿಲ್ಲ. ಅದು ನಿಧಾನವಾಗಿ ಸೋಲುತ್ತದೆ. ಸೋಲುವ ಬುಗುರಿ ಓಲಾಡುವುದು ನಿಮಗೆ ಗೊತ್ತು. ಮೋಡದೊಳಗೆ ಕೃತಕ ದಿಗಂತವೂ ಹಾಗೆಯೇ ಮೆಲ್ಲಗೆ ಓರೆಯಾಗುತ್ತದೆ. ಅದನ್ನು ನಂಬಿದ ಚಾಲಕ ಸರಿಯಾಗಿದ್ದ ವಿಮಾನವನ್ನು ತಾನೇ ಓರೆ ಮಾಡುತ್ತಾನೆ. ಇದರಿಂದ ಜೀವ ಕಳೆದುಕೊಂಡವರಿದ್ದಾರೆ.

ಹೊಸ ಉಪಕರಣದಲ್ಲಿ ತಿರುಗುವ ಚಕ್ರವೇ ಇಲ್ಲ. ಕಣ್ಣಿಗೆ ಕಾಣದಷ್ಟು ಚಿಕ್ಕ ಸಿಲಿಕಾನ್ ತುಣುಕೊಂದು ಒಂದೇ ಸಮನೆ ಕಂಪಿಸುತ್ತಿರುತ್ತದೆ. ವಿಮಾನ ತಿರುಗಿದಾಗ ಕಂಪನ ತುಸು ಅಡ್ಡಕ್ಕೆ ಸರಿಯುತ್ತದೆ. ಅದನ್ನು ಅಳೆದು ಗಣಕ ದಿಗಂತವನ್ನು ಪರದೆಯ ಮೇಲೆ ಬಿಡಿಸುತ್ತದೆ. ಇಂದಿನ ಎಷ್ಟೋ ಮೊಬೈಲ್ ಫೋನುಗಳಲ್ಲೂ ಇಂಥ ತುಣುಕು ಇರುತ್ತದೆ. ಆದರೆ ಪರದೆಗೆ ವಿದ್ಯುತ್ತು ಬೇಕಲ್ಲ! ಅದಕ್ಕಾಗಿ ಬೇರೆಯೇ ಒಂದು ಬ್ಯಾಟರಿಯನ್ನು ಜೋಡಿಸುತ್ತಾರೆ. ನನ್ನನ್ನು ಕೇಳಿದರೆ, ಹೊಸ ಪರದೆಯ ಬಣ್ಣಗಳಿಗಿಂತ ಈ ಬ್ಯಾಟರಿಯೇ ದೊಡ್ಡ ಸಂಗತಿ.

ಇನ್ನು ಪ್ರಯಾಣಿಕರ ಕೋಣೆ. ಅಂಗಡಿಯಲ್ಲಿ ಚೆಂದ ಕಂಡ ಬಟ್ಟೆಯನ್ನು ತಂದು ಸೀಟಿಗೆ ಹೊದಿಸುವಂತಿಲ್ಲ. ಆಕಾಶದಲ್ಲಿ ಬೆಂಕಿ ಹತ್ತಿದರೆ ಇಳಿದು ಓಡಲು ಜಾಗವೆಲ್ಲಿ? ದೊಡ್ಡ ವಿಮಾನಗಳ ಬಟ್ಟೆಗೆ ಒಂದು ಪರೀಕ್ಷೆಯಿದೆ. ಬಟ್ಟೆಯ ಪಟ್ಟಿಯನ್ನು ನೇತುಹಾಕಿ ಕೆಳತುದಿಗೆ 12 ಸೆಕೆಂಡು ಜ್ವಾಲೆ ಹಿಡಿಯುತ್ತಾರೆ. ಜ್ವಾಲೆ ತೆಗೆದ 15 ಸೆಕೆಂಡಿನೊಳಗೆ ಉರಿ ತಾನಾಗಿಯೇ ಆರಬೇಕು. ಪುಟ್ಟ ವಿಮಾನದವರಲ್ಲೂ ಬಹಳ ಮಂದಿ ಇದರಲ್ಲಿ ಗೆದ್ದ ಬಟ್ಟೆಯನ್ನೇ ಆರಿಸಿಕೊಳ್ಳುತ್ತಾರೆ.

ಸೀಟನ್ನು ಬಿಚ್ಚಿದಾಗ ಅದರ ಕೆಳಗಿನ ಹಳಿಯನ್ನೂ ನೋಡಲೇಬೇಕು. ಸೆಸ್ನಾದ ಸೀಟು ಹಳಿಯ ಮೇಲೆ ಹಿಂದೆ ಮುಂದೆ ಜಾರುತ್ತದೆ. ಹಳಿಯ ತೂತಿಗೆ ಒಂದು ಪಿನ್ನು ಕೂತು ಅದನ್ನು ಹಿಡಿಯುತ್ತದೆ. ತೂತು ಸವೆದರೆ ಪಿನ್ನು ಕಳಚುತ್ತದೆ. ವಿಮಾನ ನೆಲ ಬಿಟ್ಟು ಮೇಲೇಳುವಾಗಲೇ ಚಾಲಕ ಸೀಟಿನ ಸಮೇತ ಹಿಂದಕ್ಕೆ ಜಾರಿದರೆ, ಕೈಯಲ್ಲಿರುವ ಚಾಲನಾ ಹಿಡಿಕೆಯನ್ನೂ ತನ್ನತ್ತ ಎಳೆಯುತ್ತಾನೆ. ಮೂತಿ ನೆಟ್ಟಗಾಗುತ್ತದೆ, ರೆಕ್ಕೆ ಎತ್ತುವ ಬಲ ಕಳೆದುಕೊಳ್ಳುತ್ತದೆ. ಇಂಥ ಅಪಘಾತಗಳು ನಡೆದ ಮೇಲೆ 1987ರಲ್ಲಿ ಅಮೆರಿಕದ ವಿಮಾನಯಾನ ಆಡಳಿತವು ಹಳಿಗಳನ್ನು ಆಗಾಗ ಅಳೆದು ನೋಡಬೇಕೆಂದು ಆಜ್ಞೆ ಹೊರಡಿಸಿತು.

ಎಲ್ಲ ಮುಗಿದ ಮೇಲೆ ತೂಕ. ವಿಮಾನವೂ ಏತದ ಹಲಗೆಯಂತೆ ಒಂದು ಬಿಂದುವಿನ ಮೇಲೆ ತೂಗಬೇಕು. ಆ ಬಿಂದು ತೀರಾ ಹಿಂದಕ್ಕೆ ಹೋದರೆ ಮೂತಿಯನ್ನು ತಗ್ಗಿಸಲು ಬಾಲದ ಬಲ ಸಾಲದು. ಸೆಸ್ನಾದಲ್ಲಿ ಬಿಂದು ಓಡಾಡಬಹುದಾದ ಜಾಗ ಹೆಚ್ಚೆಂದರೆ 30 ಸೆಂ.ಮೀ. ಆಸುಪಾಸು. ಅದರಲ್ಲೇ ಚಾಲಕ, ಪ್ರಯಾಣಿಕರು, ಪೆಟ್ಟಿಗೆಗಳ ಲೆಕ್ಕವೂ ಸೇರಬೇಕು. ಹಾಗಾಗಿ ತೆಗೆದ ಮತ್ತು ಸೇರಿಸಿದ ಪ್ರತಿಯೊಂದು ಭಾಗದ ತೂಕವನ್ನೂ ಮೆಕ್ಯಾನಿಕ್ ಬರೆದಿಡುತ್ತಾನೆ. ಮೂರು ಚಕ್ರಗಳ ಕೆಳಗೆ ಮೂರು ತಕ್ಕಡಿಗಳನ್ನಿಟ್ಟು ತೂಗುವುದೂ ಉಂಟು.

ನೀವೂ ತೂಗಿ ನೋಡಿ. ಮುಂದಿನ ಚಕ್ರದ ಮೇಲೆ 200 ಕೆಜಿ, ಹಿಂದಿನ ಎರಡರ ಮೇಲೆ ತಲಾ 250 ಕೆಜಿ ಬಿದ್ದಿದೆ ಎನ್ನೋಣ. ಮುಂದಿನ ಚಕ್ರಕ್ಕೂ ಹಿಂದಿನವಕ್ಕೂ ನಡುವೆ 175 ಸೆಂ.ಮೀ. 500ನ್ನು 175ರಿಂದ ಗುಣಿಸಿ, ಒಟ್ಟು ತೂಕ 700ರಿಂದ ಭಾಗಿಸಿ. ಬಿಂದು ಮುಂದಿನ ಚಕ್ರದಿಂದ 125 ಸೆಂ.ಮೀ. ಹಿಂದಿದೆ. ಈಗ ಮುಂದಿನ ಚಕ್ರದ ನೇರದಲ್ಲಿದ್ದ 5 ಕೆಜಿ ಹಳೆಯ ಉಪಕರಣಗಳನ್ನು ತೆಗೆಯಿರಿ. ಬಿಂದು ಸುಮಾರು 126ಕ್ಕೆ ಸರಿಯಿತು. ಅದೇ ಜಾಗದಲ್ಲಿ 2 ಕೆಜಿ ತೂಗುವ ಹೊಸ ಪರದೆಗಳನ್ನು ಕೂರಿಸಿದರೆ ಎಲ್ಲಿಗೆ ಬರುತ್ತದೆ? ಲೆಕ್ಕ ಮಾಡಿ ನಿಮ್ಮ ಶಿಕ್ಷಕರಿಗೆ ತೋರಿಸಿ.